ಎರಡು ತಗಡು, ನಡುವೆ ಒಂದು ಸಂದು

ರಿಜಿಸ್ಟರ್ಡ್ ಕವರು ಬಂದದ್ದು ಬುಧವಾರ. ಹಿಂದಿನ ದಿನ, ಮಂಗಳವಾರ, ನಮ್ಮ ವರ್ಕ್‌ಶಾಪಿನಲ್ಲಿ ವಿಶೇಷವೇನೂ ನಡೆಯಲಿಲ್ಲ. ಹುಳಿಯಾರು ಕಡೆಯವರೊಬ್ಬರು ತೆಂಗಿನಕಾಯಿ ಸುಲಿಯುವ ಯಂತ್ರವನ್ನು ತಾವೇ ಮಾಡಿ, ಲಗೇಜ್ ಆಟೋದಲ್ಲಿ ಹೇರಿಕೊಂಡು ತಿಪಟೂರಿಗೆ ತಂದಿದ್ದರು. ನಮ್ಮ ಮೇಸ್ತ್ರಿ ಒಮ್ಮೆ ನೋಡಿ ಭೇಷ್ ಅನ್ನಲಿ ಎಂಬುದಷ್ಟೇ ಅವರ ಆಸೆ. ಮೇಸ್ತ್ರಿ ಸ್ಟೂಲಿನಿಂದ ಏಳಲಿಲ್ಲ. ಕಾಫಿಯನ್ನು ಸಾಸರಿಗೆ ಸುರಿದು, ಊದಿ, ಕುಡಿದು ಮುಗಿಸಿ, ಯಂತ್ರವನ್ನು ಕಣ್ಣಲ್ಲೇ ಒಂದು ಸುತ್ತು ಹಾಕಿದರು.

"ಇದ್ರಾಗೇನೈತಪ್ಪ? ಯಾರ್ಗಾದ್ರೂ ಹೊಳೀತೈತೆ."

"ಹೊಳೆಯಂಗಿದ್ರೆ ನೀವ್ಯಾಕೆ ಮಾಡ್ಲಿಲ್ಲ?" ಎಂದು ಅವರು ಮುಖ ಕೆಂಪು ಮಾಡಿಕೊಂಡರು.

"ನಂಗೂ ಹೊಳೆದಿತ್ತು. ಇಷ್ಟು ಕೆಟ್ಟದಾಗಿ ಹೊಳೆದಿರ್ಲಿಲ್ಲ, ಅಷ್ಟೆ."

ಆ ಮನುಷ್ಯ ಸಿಟ್ಟಿನಲ್ಲಿ ಯಂತ್ರವನ್ನು ಮತ್ತೆ ಆಟೋಗೆ ಏರಿಸಲು ಹೋದಾಗ ಮೇಸ್ತ್ರಿ ನನ್ನ ಕಡೆ ತಿರುಗಿ, "ಬುಷ್ ಅಲ್ಲಾಡ್ತೈತೆ, ಇಳ್ಸ್ಲಾ. ಹಂಗೇ ತಗಂಡ್ ಹೋದ್ರೆ ಕೈ ಕಳ್ಕಂತಾನೆ" ಎಂದರು. ಮಧ್ಯಾಹ್ನವಿಡೀ ಕೂತು, ತಿರುಗುವ ಅಚ್ಚನ್ನು ಹಿಡಿದಿಡುವ ಬಳೆಯಂಥ ಆ ಬುಷ್ಷನ್ನು ತಾವೇ ಹೊಸದಾಗಿ ಕಡೆದು ಕೂರಿಸಿದರು. ಭೇಷ್ ಅನ್ನಿಸಿಕೊಳ್ಳಲು ಬಂದವರು ಬೈಯುತ್ತ ಹೋದರು. ಯಂತ್ರ ಮಾತ್ರ ಚೆನ್ನಾಗಿ ತಿರುಗುತ್ತಿತ್ತು.

ಮೇಸ್ತ್ರಿ ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ "ಹೆಸರು ಬರೆಯೋದ್ರಾಗೇನೈತೆ" ಎನ್ನುತ್ತಿದ್ದರು. ನಾನು ದಂಡಿನಶಿವರದವನು. ಹತ್ತನೇ ತರಗತಿಯಾದ ಮೇಲೆ ಐಟಿಐನಲ್ಲಿ ಟರ್ನರ್ ಕೆಲಸ ಕಲಿತು ಅವರ ಬಳಿ ಸೇರಿದೆ. ಹದಿನಾರು ವರ್ಷ ಕಬ್ಬಿಣ ಕಡೆಯುವ ಅವರ ಲೇತಿನ ಮುಂದೆ ನಿಂತೆ. ನನ್ನ ಬಗ್ಗೆ ಅವರ ಅಭಿಪ್ರಾಯ ಮೊದಲ ವಾರದಲ್ಲೇ ನಿರ್ಧಾರವಾಗಿತ್ತು: "ಕೈ ಚೆನ್ನಾಗೈತೆ. ತಲೆ ಖಾಲಿ." ಬಂದವರಿಗೆಲ್ಲ ನನ್ನನ್ನು ಹೀಗೇ ಪರಿಚಯಿಸುತ್ತಿದ್ದರು. ಹೆಣ್ಣು ಕೊಡಲು ವಿಚಾರಿಸಿಕೊಂಡು ಬಂದವರಿಗೂ ಅದನ್ನೇ ಹೇಳಿದರು. ಹೆಣ್ಣಿನ ತಂದೆ, "ಹಂಗಾದ್ರೆ ಒಳ್ಳೇದೇ ಆಯ್ತು" ಎಂದು ಒಪ್ಪಿಕೊಂಡರು.

ಲೋಕದಲ್ಲಿ ಯಾರು ಏನು ಮಾಡಿದರೂ ಮೇಸ್ತ್ರಿಗೆ ಅದು ಯಾರಿಗಾದರೂ ಹೊಳೆಯುವಂಥದ್ದೇ. ಟೀವಿಯಲ್ಲಿ ರಾಕೆಟ್ ಹಾರಿದಾಗ, "ಕೆಳಗೆ ಬೆಂಕಿ ಹಚ್ಚಿದ್ರೆ ಮೇಲಕ್ಕೇ ಹೋಯ್ತದೆ, ಇನ್ನೆಲ್ಲಿಗೆ ಹೋಯ್ತದೆ?" ಎಂದರು. ನನಗೆ ಮಗ ಹುಟ್ಟಿದ ಸುದ್ದಿ ಹೇಳಿ ಸಿಹಿ ಕೊಟ್ಟಾಗಲೂ ಆ ಮಾತು ಬಾಯಿವರೆಗೆ ಬಂದಿತ್ತು. ಅಮ್ಮ, ಅಂದರೆ ಅವರ ಹೆಂಡತಿ, ಪಕ್ಕದಲ್ಲೇ ನಿಂತಿದ್ದರಿಂದ ನುಂಗಿಕೊಂಡರು. ಅಮ್ಮನ ಅಡುಗೆಗೆ ಮೂವತ್ತು ವರ್ಷದಿಂದ ಅದೇ ಸರ್ಟಿಫಿಕೇಟು.

ಒಂದಕ್ಕೆ ಮಾತ್ರ ಅವರು ಕೈ ಮುಗಿಯುತ್ತಿದ್ದರು. ಊಟಕ್ಕೆ ಮುಂಚೆ ಎಳನೀರು ಕೊಚ್ಚುವಾಗ ಒಮ್ಮೊಮ್ಮೆ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ನೋಡ್ಲಾ, ರಬ್ಬರ್ ಇಲ್ಲ, ಬೋಲ್ಟ್ ಇಲ್ಲ, ಮರದಿಂದ ಬಿದ್ರೂ ಒಂದ್ ಹನಿ ಸೋರಲ್ಲ. ಇದು ಮಾತ್ರ ಯಾರ್ಗೂ ಹೊಳೆಯಲ್ಲ ಕಣ್ಲಾ" ಎನ್ನುತ್ತಿದ್ದರು. ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋದಾಗ ಬಾಗಿಲುವಾಡದ ಕೆತ್ತನೆ ನೋಡಿ "ಕೈ ಪರವಾಗಿಲ್ಲ" ಎಂದವರು, ಈಡುಗಾಯಿ ಒಡೆಯುವಾಗ ಕಣ್ಣು ಮುಚ್ಚಿಕೊಂಡರು. ಭಕ್ತಿ ಇರಬೇಕೆಂದು ಅಮ್ಮ ಖುಷಿಪಟ್ಟರು. ಹನಿ ಸೋರದ ಅಂಥ ಡಬ್ಬಿ ಒಡೆಯುವುದನ್ನು ನೋಡಲಾರದೆ ಮುಚ್ಚಿಕೊಂಡರೆಂದು ನನಗೆ ಗೊತ್ತಿತ್ತು.

ಈ ಡಬ್ಬಿಯ ಹುಚ್ಚಿಗೆ ಕಾರಣವಿತ್ತು. ನಮ್ಮ ಪಕ್ಕದಲ್ಲೇ ಕೊಬ್ಬರಿ ಮಂಡಿ. ನಡುವೆ ಹಲಗೆಯ ಗೋಡೆ. ತೊಂಬತ್ತರ ದಶಕದ ನಡುವೆ ಮೇಸ್ತ್ರಿ ಒಂದು ದೊಡ್ಡ ಹಳೇ ಲೇತು ತಂದರು. ಕಬ್ಬಿಣ ಕಡೆಯುವಾಗ ಬಿಸಿಯಾಗದಿರಲೆಂದು ಹಾಲಿನಂಥ ಎಣ್ಣೆನೀರು ಸುರಿಯುತ್ತಿರಬೇಕು. ಆ ಲೇತು ಓಡಿದರೆ ಎಣ್ಣೆನೀರೂ ಕಬ್ಬಿಣದ ಸುರುಳಿಗಳೂ ಹಲಗೆ ಸಂದಿನಿಂದ ನೇರವಾಗಿ ಪಕ್ಕದ ಕೊಬ್ಬರಿಯ ಮೇಲೆ ಬೀಳುತ್ತಿದ್ದವು.

"ಮೇಸ್ತ್ರೇ, ನನ್ ಕೊಬ್ರಿಗೆ ದಿನಾ ಕ್ಷೀರಾಭಿಷೇಕ ಆಯ್ತೈತೆ ಕಣ್ರೀ!" ಎಂದು ಮಂಡಿ ಸಾಹುಕಾರರು ಕೂಗುತ್ತಿದ್ದರು.

"ಪುಣ್ಯ ಬತ್ತೈತೆ, ಬುಡಿ."

ಒಂದು ಹರಾಜಿನ ದಿನ, ದೂರದಿಂದ ಬಂದ ಖರೀದಿದಾರರು ಸಾಹುಕಾರರ ಕೊಬ್ಬರಿ ಕಚ್ಚಿದಾಗ ಬಾಯಿಗೆ ಕಬ್ಬಿಣದ ಸುರುಳಿ ಸಿಕ್ಕಿತು. ಆವತ್ತಿನಿಂದ ಪುಣ್ಯದ ಮಾತು ನಿಂತಿತು. ಲೇತಿಗೆ ಸುತ್ತಲೂ ತಗಡಿನ ಗೂಡು ಕಟ್ಟಿದೆವು. ಬಾಗಿಲು ಉದ್ದವಾದ್ದರಿಂದ ಎರಡು ಕದ ಮಾಡಬೇಕಾಯಿತು. ಎಲ್ಲ ಚೆನ್ನಾಗಿಯೇ ಇತ್ತು. ಎರಡು ಕದ ಕೂಡುವ ಜಾಗ ಮಾತ್ರ ಸೋರುತ್ತಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದೆವು. ಎಣ್ಣೆ ಕುಡಿದು ಹದಿನೈದೇ ದಿನಕ್ಕೆ ಅದು ಬೆಲ್ಲದ ಪಾಕವಾಯಿತು. ಆಮೇಲೆ ತಗಡಿನ ಅಂಚನ್ನು ಮಡಚಿ ಒಂದರ ಮೇಲೊಂದು ಕೂರಿಸಲು ನನಗೆ ಹೇಳಿದರು. ನಾನು ಮನೆಗೆ ಹೆಂಚು ಹೊದಿಸುವ ಹಾಗೆ, ಸೋಗೆ ಹೊದಿಸುವ ಹಾಗೆ ಮಡಚಿದೆ. ಮಳೆ ಹೊರಗಿನಿಂದ ಬರುವ ಮನೆಗೆ ಅದು ಸರಿ. ನಮ್ಮ ಗೂಡಿನಲ್ಲಿ ಮಳೆ ಸುರಿಯುವುದೇ ಒಳಗೆ. ಮೊದಲ ದಿನವೇ ಎಣ್ಣೆನೀರೆಲ್ಲ ಸಾಲಾಗಿ ಹೊರಗೆ ಇಳಿಯಿತು.

"ತಲೆ ಖಾಲಿ ಅಂದ್ರೆ ಸಿಟ್ಟು ಮಾಡ್ಕಂತೀಯ" ಎಂದರು ಮೇಸ್ತ್ರಿ.

ತಿರುಗಿಸಿ ಮಡಚಿದರೂ ಸೋರಿತು. ಇನ್ನೂ ಬಿಗಿ ಮಾಡಿದರೆ ಇನ್ನೂ ಸೋರಿತು. ಹೀಗೆ ಮೂರು ತಿಂಗಳು. ಒಂದು ಬೆಳಿಗ್ಗೆ ಅವರು ಕರಟದ ಇದ್ದಿಲಿನಿಂದ ಗೋಡೆಯ ಮೇಲೆ ಎರಡು ಕೊಕ್ಕೆ ಬರೆದರು, ಎರಡು ಕೈಯ ಬೆರಳು ಒಂದಕ್ಕೊಂದು ಸಿಕ್ಕಿಸಿದಂತೆ. ನಡುವೆ ಹೆಬ್ಬೆರಳ ಉಗುರಿನಷ್ಟು ಸಂದು ಬಿಟ್ಟಿದ್ದರು.

"ಸಂದು ಬುಟ್ರೆ ನೀರು ನುಗ್ಗಲ್ವಾ?" ಎಂದೆ.

"ನುಗ್ಲಿ. ನೀರನ್ನ ತಡೀಬಾರ್ದು ಕಣ್ಲಾ, ದಾರಿ ತೋರಿಸ್ಬೇಕು. ಒಳಕ್ಕೆ ಬಂದ್ಮೇಲೆ ಜಾಗ ಸಿಕ್ತದಲ್ಲ, ತಾನೇ ಕೆಳಗಿಳೀತದೆ."

ಎಲ್ಲರೂ ಮುಚ್ಚಲು ಹೆಣಗುವಲ್ಲಿ ಅವರು ತೆರೆದಿದ್ದರು. ಎರಡೂ ಕದದ ಅಂಚನ್ನು ಹಾಗೇ ಮಡಚಿ ಲೇತು ಓಡಿಸಿದೆವು. ನೀರು ಸಂದಿಗೆ ಬಂತು, ವೇಗ ಕಳೆದುಕೊಂಡಿತು, ಕೊಕ್ಕೆಯೊಳಗೇ ಜಾರಿ ಕೆಳಗಿನ ತಟ್ಟೆಗೆ ಬಿತ್ತು. ಹೊರಗೆ ಒಂದು ಹನಿಯಿಲ್ಲ. ಆವತ್ತು ಮೇಸ್ತ್ರಿ ಬಾಗಿಲ ಮುಂದೆ ಕೂತು ಎರಡು ಲೋಟ ಕಾಫಿ ಕುಡಿದರು. ಇದ್ರಾಗೇನೈತೆ ಎನ್ನಲಿಲ್ಲ. ಮುಂದೆ ಬಹಳ ವರ್ಷ ಆ ಬಾಗಿಲಿನ ಬಗ್ಗೆ ಮಾತ್ರ ಆ ಮಾತನ್ನು ಅವರ ಬಾಯಿಂದ ನಾನು ಕೇಳಲಿಲ್ಲ. ನಮ್ಮ ರಸ್ತೆಯ ಉಳಿದ ಐದು ವರ್ಕ್‌ಶಾಪಿನವರು ನೋಡಿಕೊಂಡು ಹೋದರು, ತಾವೂ ಮಾಡಿ ಮಾರತೊಡಗಿದರು. ಕೆಲ ವರ್ಷಗಳಲ್ಲಿ ಲೇತಿನ ಗೂಡೇ ನಮ್ಮ ರಸ್ತೆಯ ಅರ್ಧ ಅನ್ನವಾಯಿತು.

ಇನ್ನು ಆ ಬುಧವಾರದ ಕವರು. ಅದು ಬೆಂಗಳೂರಿನ ಒಂದು ಕಂಪನಿಯದು. ಎರಡು ಕದ, ಕೊಕ್ಕೆಯಂಚು, ನಡುವೆ ಸಂದು ಇರುವ ಯಂತ್ರದ ಗೂಡು ನಮ್ಮ ಹೊಸ ಆವಿಷ್ಕಾರ. ಪೇಟೆಂಟಿಗೆ ಅರ್ಜಿ ಹಾಕಿದ್ದೇವೆ. ನೀವು ಮಾಡುವುದನ್ನು ನಿಲ್ಲಿಸದಿದ್ದರೆ, ಪೇಟೆಂಟ್ ಸಿಕ್ಕ ದಿನವೇ ಕೋರ್ಟಿಗೆ ಎಳೆಯುತ್ತೇವೆ ಎಂದಿತ್ತು. ಆರೂ ವರ್ಕ್‌ಶಾಪಿಗೆ ಒಂದೊಂದು ಕವರು.

ಆರು ಮಂದಿ ಸೇರಿ ಒಬ್ಬ ವಕೀಲರನ್ನು ಹಿಡಿದರು. ಬೆಂಗಳೂರಿನಲ್ಲಿದ್ದರೂ ಅವರ ಊರು ತುರುವೇಕೆರೆ ಕಡೆ. ವರ್ಕ್‌ಶಾಪಿಗೇ ಬಂದರು.

"ನೀವು ಮೊದಲೇ ಮಾಡಿದ್ರಿ ಅನ್ನೋಕೆ ದಾಖಲೆ ಏನಿದೆ? ಬಿಲ್ಲು? ಡ್ರಾಯಿಂಗ್?"

ಮೇಸ್ತ್ರಿ ಗೋಡೆ ತೋರಿಸಿದರು. ಗೋಡೆ ಬೆಳ್ಳಗಿತ್ತು. ಬಿಲ್ಲು ಬರೆಯುವ ಅಭ್ಯಾಸ ನಮ್ಮ ರಸ್ತೆಯಲ್ಲೇ ಇರಲಿಲ್ಲ. ಮೇಸ್ತ್ರಿಯಂತೂ ಕಾಗದದ ಮೇಲೆ ಗೆರೆ ಎಳೆದವರೇ ಅಲ್ಲ. ಎಲ್ಲ ಲೆಕ್ಕ, ಎಲ್ಲ ಚಿತ್ರ ಇದ್ದಿಲಿನಲ್ಲಿ ಗೋಡೆಯ ಮೇಲೆ. ಪ್ರತಿ ಆಯುಧಪೂಜೆಗೆ ಅದರ ಮೇಲೆ ಸುಣ್ಣ.

"ಕೆಳಗೈತೆ ಸ್ವಾಮಿ. ಎಂಟು ಸುಣ್ಣದ ಕೆಳಗೆ. ವರ್ಷಕ್ಕೊಂದು ಸುಣ್ಣ, ಅಲ್ಲಿಗೆ ಎಂಟು ವರ್ಷ. ಇದಕ್ಕಿಂತ ಸಾಕ್ಷಿ ಬೇಕಾ?"

ವಕೀಲರು ನಗಲೋ ಬೇಡವೋ ಎಂದು ನಿಂತರು. ನಾವು ಬ್ಲೇಡು ಹಿಡಿದು ಕೆರೆಯತೊಡಗಿದೆವು. ಮೂರನೇ ಪದರದಲ್ಲಿ ಒಂದು ಫೋನ್ ನಂಬರು ಸಿಕ್ಕಿತು. ಐದನೆಯದರಲ್ಲಿ ಬೋಳುತಲೆಯ, ದೊಡ್ಡ ಹೊಟ್ಟೆಯ ಒಂದು ಚಿತ್ರ. ಅದೇ ಹೊತ್ತಿಗೆ ನೋಡಲು ಬಂದಿದ್ದ ಮಂಡಿ ಸಾಹುಕಾರರು ತಮ್ಮ ಬೋಳುತಲೆ ಸವರಿಕೊಳ್ಳುತ್ತ, "ಇದು ಯಾರ್ರೀ?" ಎಂದರು. "ನಮ್ ಸೋದರಮಾವ" ಎಂದರು ಮೇಸ್ತ್ರಿ. ಎಂಟನೆಯ ಪದರಕ್ಕೆ ಬಂದಾಗ ಸುಣ್ಣದ ಜೊತೆಗೇ ಇದ್ದಿಲೂ ಪುಡಿಯಾಗಿ ಉದುರಿತು. ಎರಡು ಕೊಕ್ಕೆ ನನ್ನ ಅಂಗೈಯಲ್ಲಿ ಬೂದಿಯಾಗಿದ್ದವು. ನಮ್ಮ ಸಾಕ್ಷಿಯನ್ನು ನಾವೇ ಕೆರೆದು ತೆಗೆದಿದ್ದೆವು.

"ಹೋಗಲಿ," ಎಂದರು ವಕೀಲರು, ಕೋಟಿನ ಸುಣ್ಣ ಕೊಡವುತ್ತ. "ಇನ್ನೊಂದು ದಾರಿ ಇದೆ. ಗೂಡು ಹಳೇದು, ಮಡಿಕೆಯಂಚೂ ಹಳೇದು. ಎರಡನ್ನೂ ಸೇರಿಸೋದು ಕಸುಬು ಗೊತ್ತಿರೋ ಸಾಮಾನ್ಯ ಕೆಲಸಗಾರನಿಗೆ ತಾನಾಗೇ ಹೊಳೆಯುವಂಥದ್ದು ಅಂತ ತೋರಿಸಿದರೆ ಸಾಕು, ಪೇಟೆಂಟ್ ಸಿಗಲ್ಲ. ಮೇಸ್ತ್ರೇ, ಚೆನ್ನೈನ ಪೇಟೆಂಟ್ ಆಫೀಸಿಗೆ ಬಂದು ನೀವು ಒಂದೇ ಮಾತು ಹೇಳಬೇಕು. ಇದರಲ್ಲಿ ಏನೂ ಇಲ್ಲ, ಯಾರಿಗಾದರೂ ಹೊಳೆಯುತ್ತೆ ಅಂತ."

ವರ್ಕ್‌ಶಾಪೇ ಕಿತ್ತುಹೋಗುವಂತೆ ಎಲ್ಲರೂ ನಕ್ಕರು. "ಇದಕ್ಕೆ ಇವ್ರಿಗಿಂತ ಸಾಕ್ಷಿ ಬೇಕಾ! ಹುಟ್ದಾಗಿಂದ ಅದನ್ನೇ ಹೇಳ್ತಾವ್ರೆ" ಎಂದರು ಎದುರು ವರ್ಕ್‌ಶಾಪಿನವರು. ಮೇಸ್ತ್ರಿ ನಗಲಿಲ್ಲ.

"ಅದೊಂದ್ ಮಾತು ಬುಟ್ಟು ಬೇರೆ ಏನಾರ ಹೇಳ್ಲಾ ಸ್ವಾಮಿ?" ಎಂದರು.

ಬೇರೆ ಏನೂ ಇರಲಿಲ್ಲ.

ಅಧಿಕಾರಿಗೆ ತೋರಿಸಲು ಬಾಗಿಲನ್ನೇ ತನ್ನಿ ಎಂದಿದ್ದರು ವಕೀಲರು. ಎರಡೂ ಕದ ಬಿಚ್ಚಿ, ಗೋಣಿಚೀಲ ಸುತ್ತಿ, ತೆಂಗಿನ ಹಗ್ಗ ಬಿಗಿದು ನಾವಿಬ್ಬರೂ ರೈಲು ಹತ್ತಿದೆವು. ಟಿಕೆಟ್ ನೋಡುವವರು ಬಂದರು.

"ಏನ್ರೀ ಇದು?"

"ಬಾಗ್ಲು" ಎಂದರು ಮೇಸ್ತ್ರಿ.

"ಬಾಗಿಲು ಹೊತ್ಕೊಂಡು ಎಲ್ಲಿಗೆ?"

"ಮೆದ್ರಾಸಿಗೆ. ಇದ್ರಾಗೇನೂ ಇಲ್ಲ ಅಂತ ಹೇಳಕ್ಕೆ."

ಅವರು ಟಿಕೆಟ್ಟಿಗೆ ಗೀಟು ಹಾಕಿ ಮುಂದಿನ ಸೀಟಿಗೆ ಹೋದರು.

ಬೆಳಗಿನ ವಿಚಾರಣೆಯಲ್ಲಿ ವಕೀಲರೇ ಮಾತಾಡಿದರು, ಇಂಗ್ಲಿಷಿನಲ್ಲಿ. ಮಧ್ಯೆ ಬಿಡುವು ಕೊಟ್ಟಾಗ ಹೊರಗಿನ ಟೀ ಅಂಗಡಿಯಲ್ಲಿ ಕಂಪನಿಯ ಎಂಜಿನಿಯರು ಸಿಕ್ಕರು. ಅಂಥದೇ ಬಾಗಿಲನ್ನು ಕಂಪನಿಗಾಗಿ ಮಾಡಿದವರು ಅವರೇ. ನಲವತ್ತರ ಆಸುಪಾಸು, ಅಂಗಿಯ ಜೇಬಿನಲ್ಲಿ ನಮ್ಮ ಮೇಸ್ತ್ರಿಯ ಹಾಗೆಯೇ ಒಂದು ಸ್ಟೀಲ್ ಸ್ಕೇಲು. ಕನ್ನಡದವರೇ. ಗೋಣಿಚೀಲ ಸರಿಸಿ ನಮ್ಮ ಬಾಗಿಲಿನ ಸಂದಿಗೆ ಹೆಬ್ಬೆರಳ ಉಗುರು ಹಾಕಿ ಮೇಲಿನಿಂದ ಕೆಳಗಿನವರೆಗೆ ಎಳೆದು ನೋಡಿದರು. ಅಳತೆ ನೋಡುವ ಮೇಸ್ತ್ರಿಯ ರೀತಿಯೂ ಅದೇ. ಆಮೇಲೆ ಎಂಜಿನಿಯರು, "ನಿಮಗೆ ಎಷ್ಟು ದಿನ ಹಿಡೀತು?" ಎಂದರು.

"ನಿಮ್ಗೆ?"

"ಎರಡು ವರ್ಷ. ರಬ್ಬರಲ್ಲೇ ಒಂದು ವರ್ಷ ಹೋಯ್ತು."

"ರಬ್ಬರ್ ಕರಗೋಯ್ತಾ?"

"ಬೆಲ್ಲದ ಥರ."

ಇಬ್ಬರೂ ಜೋರಾಗಿ ನಕ್ಕರು. ಮೇಸ್ತ್ರಿ ಆ ಟೀಯನ್ನು ಎಷ್ಟು ನಿಧಾನವಾಗಿ ಕುಡಿದರೆಂದರೆ ಅಂಗಡಿಯವನು ಗ್ಲಾಸಿಗಾಗಿ ಕೈ ಚಾಚಿಕೊಂಡೇ ನಿಂತಿದ್ದ. ಅಷ್ಟು ವರ್ಷದಲ್ಲಿ ಅವರ ಕಷ್ಟ ಏನೆಂದು ಅರ್ಥವಾದ ಮನುಷ್ಯ ಅವರಿಗೆ ಸಿಕ್ಕಿದ್ದು ಅಲ್ಲಿ, ಎದುರು ಪಕ್ಷದಲ್ಲಿ.

ಒಳಗೆ ಕರೆದರು. ಕಂಪನಿಯ ವಕೀಲರು ಕೇಳಿದ ಪ್ರಶ್ನೆಗಳನ್ನು ನಮ್ಮ ವಕೀಲರು ಕನ್ನಡದಲ್ಲಿ ಹೇಳುತ್ತಿದ್ದರು. ಕಸುಬು ಬಲ್ಲ, ಆದರೆ ಹೊಸದೇನನ್ನೂ ಯೋಚಿಸದ ಸಾಮಾನ್ಯ ಮನುಷ್ಯ ಅಂದರೆ ನಿಮ್ಮ ಪ್ರಕಾರ ಯಾರು ಎಂದು ಮೊದಲ ಪ್ರಶ್ನೆ. ಮೇಸ್ತ್ರಿ ತಡಮಾಡದೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಇವ್ನೇ ಸ್ವಾಮಿ. ಕೈ ಚೆನ್ನಾಗೈತೆ, ತಲೆ ಖಾಲಿ."

ಅನುವಾದ ಕೇಳಿ ಅಧಿಕಾರಿ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ಮಡಿಕೆ ಯಾವ ಕಡೆಗಿರಬೇಕು ಎಂದು ನನ್ನನ್ನು ಕೇಳಿದರು. "ಒಳಕ್ಕೆ, ನಡುವೆ ಸಂದು ಬಿಟ್ಟು" ಎಂದೆ. ಮೊದಲು ಹೊರಕ್ಕೆ ಮಡಚಿದ್ದವನು ಯಾರು ಎಂದು ಯಾರೂ ಕೇಳಲಿಲ್ಲ, ನಾನೇ ಎಂದು ನಾನೂ ಹೇಳಲಿಲ್ಲ.

ಆಮೇಲೆ ಮೇಸ್ತ್ರಿಗೆ: ಈ ಬಾಗಿಲಿಗೆ ನಿಮಗೆ ಎಷ್ಟು ಕಾಲ ಹಿಡಿಯಿತು?

ಮೂರು ತಿಂಗಳು ಎಂದರೆ ಆರು ವರ್ಕ್‌ಶಾಪು ಮುಳುಗುತ್ತವೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎದುರು ಸಾಲಿನಲ್ಲಿ ಎಂಜಿನಿಯರು ಕೂತಿದ್ದರು. ಮೇಸ್ತ್ರಿ ಮೇಜಿನ ಮೇಲಿದ್ದ ಬಾಗಿಲನ್ನು ನೋಡಿದರು.

"ಒಂದ್ ಮಧ್ಯಾಹ್ನ" ಎಂದರು.

"ಯೋಚನೆ ಮಾಡೋಕೆ?"

"ಯೋಚ್ನೆ ಏನು ಸ್ವಾಮಿ. ಎರಡು ತಗಡು, ನಡುವೆ ಒಂದ್ ಸಂದು. ಇದ್ರಾಗೇನೈತೆ? ಯಾರ್ಗಾದ್ರೂ ಹೊಳೀತೈತೆ."

ಸಾವಿರ ಸಲ ಕೇಳಿದ ಮಾತು. ಆವತ್ತು ಮಾತ್ರ ಅದನ್ನು ಹೇಳುತ್ತ ಅವರು ಜೇಬಿನ ಸ್ಕೇಲನ್ನು ಹೊರಗೆ ತೆಗೆದು ಮತ್ತೆ ಒಳಗಿಟ್ಟರು. ಅನುವಾದದ ಅಗತ್ಯವಿಲ್ಲದ ಎಂಜಿನಿಯರು ಮೊದಲೇ ತಲೆ ತಗ್ಗಿಸಿದ್ದರು.

ವಿಚಾರಣೆ ಮುಗಿದ ಮೇಲೆ ಬಾಗಿಲು ತೆಗೆದುಕೊಂಡು ಹೋಗಿ ಎಂದರು. ಮೆಟ್ಟಿಲ ಹತ್ತಿರ ಎಂಜಿನಿಯರು ಆಟೋಗೆ ಕಾಯುತ್ತಿದ್ದರು. ಮೇಸ್ತ್ರಿ ಎರಡೂ ಕದವನ್ನು ಅವರ ಕಾಲ ಬಳಿ ಇಳಿಸಿದರು.

"ಇದನ್ನ ವಾಪಸ್ ಹೊತ್ಕಂಡ್ ಹೋಗಕ್ಕೆ ನಮ್ ಕೈಲಾಗಲ್ಲ. ರೈಲಾಗೆ ಬೈತಾರೆ. ನೀವೇ ಇಟ್ಕಳಿ."

ಅವರು ಬೇಡವೆನ್ನಲಿಲ್ಲ. ಬಗ್ಗಿ ಹಗ್ಗ ಬಿಗಿ ಮಾಡಿಕೊಂಡರು.

ವಾಪಸ್ ಬರುವ ರೈಲು ಜೋಲಾರಪೇಟೆ ದಾಟಿತು. ಮೇಸ್ತ್ರಿ, "ಎರಡು ವರ್ಷವಂತೆ ಕಣ್ಲಾ ಅವ್ನಿಗೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಅವ್ನ ಮುಖ ನೋಡ್ದಾ?" ಎಂದರು. ನೋಡಿದೆ ಎನ್ನಬೇಕಿತ್ತು. ನಿಮಗೆ ಮೂರೇ ತಿಂಗಳು ಹಿಡಿದದ್ದು, ಅದು ಯಾರಿಗೂ ಹೊಳೆಯುವಂಥದ್ದಲ್ಲ, ಪಕ್ಕದಲ್ಲೇ ಇದ್ದ ನನಗೇ ಹೊಳೆಯಲಿಲ್ಲ ಎನ್ನಬೇಕಿತ್ತು. ನಾನು, "ಕಾಫಿ ತರ್ಲಾ?" ಎಂದೆ.

ಕೆಲ ತಿಂಗಳ ಮೇಲೆ ಆದೇಶ ಬಂತು. ಕಂಪನಿಯ ಅರ್ಜಿ ತಿರಸ್ಕೃತ. ರಸ್ತೆಯಲ್ಲಿ ಪಟಾಕಿ ಹೊಡೆದರು. ಎದುರು ವರ್ಕ್‌ಶಾಪಿನವರು ಲಾಡು ತಿನ್ನಿಸುತ್ತ, "ಏನೇ ಆಗ್ಲಿ ಮೇಸ್ತ್ರೇ, ಅದ್ರಾಗೇನೂ ಇರ್ಲಿಲ್ಲ ಬುಡಿ. ನೀವೇ ಹೇಳಿದ್ರಂತಲ್ಲ" ಎಂದರು. ಮೇಸ್ತ್ರಿ ಲಾಡು ಅಗಿಯುತ್ತ ಹೂಂಗುಟ್ಟಿದರು.

ಆಮೇಲೆ ಅವರ ಬಾಯಲ್ಲಿ ಆ ಮಾತು ಬರಲಿಲ್ಲ. ಯಾರಾದರೂ ಏನಾದರೂ ಮಾಡಿ ತಂದರೆ ತಿರುಗಿಸಿ ನೋಡಿ, "ಎಷ್ಟು ದಿನ ಹಿಡೀತು?" ಎಂದು ಕೇಳುತ್ತಿದ್ದರು. ಬೈಸಿಕೊಳ್ಳಲೆಂದೇ ಬರುತ್ತಿದ್ದವರಿಗೆ ಇದರಿಂದ ಬಹಳ ನಿರಾಸೆಯಾಯಿತು. ಒಂದು ಬೆಳಿಗ್ಗೆ ಉಪ್ಪಿಟ್ಟು ತಿಂದು "ಚೆನ್ನಾಗೈತೆ ಕಣೇ" ಎಂದಿದ್ದಕ್ಕೆ ಅಮ್ಮ ಹೆದರಿ ನನಗೆ ಹೇಳಿ ಕಳಿಸಿದರು: "ಯಜಮಾನ್ರಿಗೆ ಮೈ ಸರಿಯಿಲ್ಲ ಕಣಪ್ಪ, ಡಾಕ್ಟ್ರ ಹತ್ರ ಕರ್ಕಂಡ್ ಹೋಗು." ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಎರಡು ವರ್ಷದ ಮೇಲೆ ಹೃದಯ ನಿಂತಾಗ ಮಾತ್ರ ಯಾರಿಗೂ ಮುನ್ಸೂಚನೆ ಇರಲಿಲ್ಲ. ಲೇತು ಆರಿಸಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ.

ಚಟ್ಟ ಕಟ್ಟುವಾಗ ಗಂಟು ಸಡಿಲವಿತ್ತು. ಬಿಚ್ಚಿ ನಾನೇ ಬಿಗಿದೆ.

ಅಮ್ಮ ಲೇತನ್ನು ನನಗೇ ಬಿಟ್ಟುಕೊಟ್ಟಿದ್ದಾರೆ. ಮೇಸ್ತ್ರಿ ಇದ್ದಾಗ, ಚೆನ್ನೈನಲ್ಲಿ ಕೊಟ್ಟುಬಂದದ್ದರ ಬದಲು ಅದಕ್ಕೆ ಹೊಸ ಬಾಗಿಲು ಮಾಡೋಣವೇ ಎಂದು ಕೇಳಿದಾಗಲೆಲ್ಲ "ಮಾಡಾನ ಬುಡು" ಎನ್ನುತ್ತಿದ್ದರು. ಅಂಥ ಬಾಗಿಲುಗಳನ್ನು ನಾನು ಈಗಲೂ ಬೇರೆಯವರಿಗೆ ಮಾಡಿಕೊಡುತ್ತೇನೆ. ಕಣ್ಣು ಮುಚ್ಚಿಕೊಂಡು ಸಂದು ಬಿಡಬಲ್ಲೆ. ಕೆಲಸ ಮಾಡುವಾಗ ಎಣ್ಣೆನೀರು ನನ್ನ ಅಂಗಿಗೂ ಕೆರೆದ ಗೋಡೆಗೂ ಸಿಡಿಯುತ್ತದೆ. ಮಂಡಿ ಸಾಹುಕಾರರು ಹಲಗೆಯಾಚೆಯಿಂದ ಕೂಗುತ್ತಾರೆ. ನಾನು ಗೋಣಿಚೀಲ ಕಟ್ಟುತ್ತೇನೆ. ಮೇಸ್ತ್ರಿಯ ಲೇತಿಗೆ ಇನ್ನೂ ಬಾಗಿಲಿಲ್ಲ.